ಮೂರನೆಯ ಸಾಲಿನ ಸ್ವರ

ಮಾತಾಡುವ ಮೊದಲು ಅವನು ಬಲಗೈಯ ಎರಡು ಬೆರಳುಗಳನ್ನು ಗಂಟಲಿನ ಮೇಲೆ ಇಡುತ್ತಾನೆ. ಒತ್ತುವುದಿಲ್ಲ, ಸವರುವುದಿಲ್ಲ, ಪರಿಚಯದ ಮನೆಯ ಬಾಗಿಲು ತಟ್ಟಿ ಒಳಗೆ ಯಾರಾದರೂ ಇದ್ದಾರೆಯೇ ಎಂದು ಕಾಯುವವರ ಹಾಗೆ ಸುಮ್ಮನೆ ಇಟ್ಟು, ಒಂದು ಗುಟುಕು ಉಸಿರು ಎಳೆದುಕೊಂಡು, ಆಮೇಲೆ ಬಾಯಿ ತೆರೆಯುತ್ತಾನೆ. ಒಂದು ಕಪ್ ಚಹಾ ಕೇಳುವುದಕ್ಕೂ ಅಷ್ಟೇ, ಜನ ಕಿಕ್ಕಿರಿದ ಸಭಾಂಗಣದಲ್ಲಿ ಹಾಡು ಎತ್ತುವುದಕ್ಕೂ ಅಷ್ಟೇ. ಹೊಸದಾಗಿ ಕಂಡವರು ಪಾಪ ಗಂಟಲುನೋವಿರಬೇಕೆಂದು ಬಿಸಿನೀರು ತಂದುಕೊಡುತ್ತಾರೆ. ಅವನು ಬೇಡವೆನ್ನದೆ ಕುಡಿಯುತ್ತಾನೆ, ಏಕೆಂದರೆ ಬೇಡವೆನ್ನಲು ಮತ್ತೆ ಬೆರಳು ಗಂಟಲಿಗೆ ಹೋಗಬೇಕು.

ಜನರ ಬಾಯಲ್ಲಿ ಅವನ ಹೆಸರು ಕೋಟು. ರಾತ್ರಿಪಾಳಿಯ ಕಾವಲುಗಾರನಾಗಿದ್ದ ತಂದೆ ಬಿಟ್ಟುಹೋದ, ಮೊಣಕಾಲಿನವರೆಗೆ ಇಳಿಬೀಳುವ ಕಂದುಬಣ್ಣದ ಉಣ್ಣೆಯ ಕೋಟನ್ನು ಅವನು ಸುಡುಬಿಸಿಲಿನಲ್ಲೂ ಮೈಯಿಂದ ಇಳಿಸಿದ್ದನ್ನು ಕಂಡವರು ಕಡಿಮೆ. ಹುಟ್ಟಿದಾಗ ಅವನನ್ನು ನೋಡಿದವರೆಲ್ಲ ಹೆಣ್ಣುಮಗು ಎಂದರು. ಅವನಿಗೆ ಮಾತ್ರ ಬುದ್ಧಿ ತಿಳಿದಾಗಿನಿಂದ ತಾನು ಹುಡುಗನೆಂದು ಗೊತ್ತಿತ್ತು. ಆ ಅರಿವು ಒಳಗೂ ಈ ಮೈ ಹೊರಗೂ ಇದ್ದ ಹರೆಯದ ದಿನಗಳಲ್ಲಿ, ಊರಿನವರ ಕಣ್ಣಿಗಿಂತ ಹೆಚ್ಚಾಗಿ ತನ್ನ ಕಣ್ಣಿನಿಂದಲೇ ಮೈಯನ್ನು ಮರೆಸಿಕೊಳ್ಳಲು ಆ ಕೋಟಿನೊಳಗೆ ಹೊಕ್ಕವನು, ಮುಂದೆ ಮರೆಸುವ ಅಗತ್ಯವೆಲ್ಲ ತೀರಿದ ಮೇಲೂ ಹೊರಗೆ ಬರಲಿಲ್ಲ. ಹಿಂದೆ ಮನೆಯವರು ಇಟ್ಟಿದ್ದ ಹೆಸರು ನನಗೆ ಗೊತ್ತು. ಇಲ್ಲಿ ಅದಕ್ಕೆ ಕೆಲಸವಿಲ್ಲ.

ಹಗಲು ಹೊತ್ತು ಲಾಂಡ್ರಿಯ ವ್ಯಾನು ಓಡಿಸಿ, ಹೋಟೆಲುಗಳಿಗೆ ಇಸ್ತ್ರಿಯಾದ ಹಾಸು ಹೊದಿಕೆ ಮುಟ್ಟಿಸುವುದು ಅವನ ಕಸುಬು. ಹಾಡಿನ ಸಾಧಕವೆಲ್ಲ ವ್ಯಾನಿನೊಳಗೆ, ಹೋಟೆಲಿನ ಬಾಗಿಲು ಕಾಯುವವರು ವ್ಯಾನು ಕಣ್ಣಿಗೆ ಬೀಳುವ ಮೊದಲೇ ಹಾಡು ಕೇಳಿ ಹಿಂದಿನ ಗೇಟು ತೆರೆದಿಡುತ್ತಾರೆ. ನಡೆಯುವಾಗ ಬಲಭುಜವನ್ನು ಮುಂದೆ ಮಾಡಿಕೊಂಡು, ನರಪಿಳ್ಳೆಯೂ ಇಲ್ಲದ ಬೀದಿಯಲ್ಲಿ ದೊಡ್ಡ ಗುಂಪನ್ನು ಸೀಳಿಕೊಂಡು ಹೋಗುವವನಂತೆ ಹೋಗುತ್ತಾನೆ. ಇನ್ನು ಅವನ ಬಾಯಲ್ಲಿ ಸದಾ ಓಡಾಡುವ ಮಾತು 'ಇರ್ಲಿ' ಎಂಬುದೊಂದೇ. ಹೊಗಳಿದರೂ ಇರ್ಲಿ, ಬೈದರೂ ಇರ್ಲಿ, ಚಹಾದಲ್ಲಿ ನೊಣ ಬಿದ್ದರೂ ಇರ್ಲಿ. ಒಮ್ಮೆ ಕಾರ್ಯಕ್ರಮದ ನಡುವೆ ಮುಂದಿನ ಸಾಲಿನ ಮಹಾಶಯನೊಬ್ಬ ನೀನು ಗಂಡೋ ಹೆಣ್ಣೋ ಎಂದು ಕೂಗಿದ. ಇವನು ಬೆರಳನ್ನು ಗಂಟಲಿಗಿಟ್ಟು, ಉಸಿರೆಳೆದು, "ಗಂಡು. ಇರ್ಲಿ, ಮುಂದಿನ ಹಾಡು" ಎಂದ. ಪ್ರಶ್ನೆ ಕೇಳಿದವನು ಕಾರ್ಯಕ್ರಮ ಮುಗಿಯುವವರೆಗೂ ಕೂತಿದ್ದು, ಕೊನೆಗೆ ಚಪ್ಪಾಳೆಯನ್ನೂ ತಟ್ಟಿ ಹೋದ.

ನನಗೂ ಅವನಿಗೂ ಗಂಟು ಬಿದ್ದದ್ದು ಜಗಳದ ನೆಪದಿಂದ. ನಾನು ಪತ್ರಿಕೆಗಳಿಗೆ ಅಂಕಣ ಬರೆದು ಬದುಕುವವನು, ಮೇಲಿನ ಮಹಡಿಯ ಬಾಡಿಗೆದಾರ. ಕೆಳಗಿನ ಖಾಲಿ ಗೋದಾಮನ್ನು ರಾಕ್ ವಾದ್ಯವೃಂದವೊಂದು ಅಭ್ಯಾಸಕ್ಕೆಂದು ಹಿಡಿಯಿತು. ಮೌನದ ಮಹಿಮೆಯನ್ನು ಕುರಿತು ಒಂದು ಗಂಭೀರ ಪ್ರಬಂಧ ಬರೆಯಲು ಕೂತಿದ್ದ ಮಧ್ಯಾಹ್ನ, ಮೇಜಿನ ಮೇಲಿನ ಮಸಿಕುಡಿಕೆ ತಾನಾಗಿ ಅಂಚಿನ ಕಡೆಗೆ ಸರಿಯುವುದನ್ನು ಕಂಡು, ಕೋಪವನ್ನು ಮೆಟ್ಟಿಲು ಮೆಟ್ಟಿಲಿಗೂ ಏರಿಸಿಕೊಳ್ಳುತ್ತ ಕೆಳಗಿಳಿದೆ. ಡ್ರಮ್ಮು ಬಾರಿಸುತ್ತಿದ್ದವನು ವೆಲ್ಡಿಂಗ್ ಕೆಲಸದ ದಢೂತಿ ಆಳು. ಗಿಟಾರಿನವಳು ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಯುವವಳು, ತುಟಿ ಬಿಗಿಹಿಡಿದ ತೆಳ್ಳನೆಯ ಹೆಂಗಸು. ನಡುವೆ, ಒಂದು ಅಂಗೈಯನ್ನು ಸ್ಪೀಕರಿನ ಪೆಟ್ಟಿಗೆಗೆ ಆನಿಸಿ, ಕಣ್ಣು ಮುಚ್ಚಿ, ಕೋಟು ಹಾಡುತ್ತಿದ್ದ. ಆಗ ಅವನ ದನಿ ಇನ್ನೂ ಹಳೆಯ ದನಿ. ಅಷ್ಟು ಗದ್ದಲದ ನೆತ್ತಿಯ ಮೇಲೆ ನಿರಾಯಾಸವಾಗಿ ನಿಂತಿದ್ದ, ತೆಳುವಾದರೂ ಮುರಿಯದ, ಎತ್ತರದ ದನಿ. ಬಾಯಿಗೆ ಬಂದದ್ದನ್ನೆಲ್ಲ ಬೈಯಲು ಹೋದವನು ಬಾಯಿ ಮರೆತು ನಿಂತೆ.

ಹಾಡು ನಿಲ್ಲಿಸಿ ಅವನು ಕೇಳಿದ. "ಜೋರಾಯ್ತಾ ಸಾರ್?"

ಮಾನ ಉಳಿಸಿಕೊಳ್ಳಬೇಕಲ್ಲ. "ಜೋರಿನ ವಿಷಯ ಬಿಡಿ, ಪದಗಳು ಚೆನ್ನಾಗಿಲ್ಲ" ಎಂದೆ.

"ಇರ್ಲಿ. ಹಾಗಾದ್ರೆ ನೀವೇ ಬರ್ಕೊಡಿ."

ಹೊರಡುವಾಗ ಅವನೆನ್ನಬೇಕೋ ಅವಳೆನ್ನಬೇಕೋ ಎಂದು ನಾನು ತಡವರಿಸುತ್ತಿದ್ದುದನ್ನು ಗಮನಿಸಿದ ಗಿಟಾರಿನವಳು ಬಾಗಿಲವರೆಗೆ ಬಂದು, "ಅವನು ನಮ್ಮ ಹಾಡುಗಾರ. ಅವನು ಅಂತಲೇ ಅನ್ನಿ. ಉಳಿದದ್ದು ಅವನಾಗಿ ಹೇಳಿದ್ರೆ ಕೇಳಿ, ಇಲ್ದಿದ್ರೆ ಬೇಡ" ಎಂದಳು. ಹೀಗೆ ಕಿವಿಗೆ ಹತ್ತಿ ತುರುಕಿಕೊಂಡೇ ನಾನು ಒಂದು ರಾಕ್ ವಾದ್ಯವೃಂದದ ಸಾಹಿತಿಯಾದೆ. ಮೌನದ ಪ್ರಬಂಧ ಇಂದಿಗೂ ಅರ್ಧಕ್ಕೇ ನಿಂತಿದೆ.

ನಾವು ಮಾಡಿದ ಹಾಡುಗಳಲ್ಲಿ ಜನ ನೆನಪಿಟ್ಟುಕೊಂಡದ್ದು ಒಂದೇ ಒಂದನ್ನು. ಅದರ ಮಟ್ಟು ನಮ್ಮದಲ್ಲ, ಅವನ ತಾಯಿಯದು. ಆಕೆ ನೃತ್ಯಶಾಲೆಯೊಂದರಲ್ಲಿ ಪಿಯಾನೋ ನುಡಿಸುವವರು. ಗೋಡೆಗುಂಟ ಮರದ ಕಂಬಿ ಹಿಡಿದು ಮಕ್ಕಳು ಮೊಣಕಾಲು ಬಾಗಿಸುವಾಗ, ಕಾಲೆತ್ತುವಾಗ, ಮೂಲೆಯ ಪಿಯಾನೋದಿಂದ ಅವರಿಗೆ ಬೇಕಾದ ನಡೆಯನ್ನು ಒದಗಿಸುವುದು ಆಕೆಯ ಕೆಲಸ. ಅದಕ್ಕಾಗಿ ಆಕೆ ಪಿಯಾನೋದ ಕಪ್ಪು ಬಿಳಿ ಮನೆಗಳನ್ನೂ ನೋಡುವುದಿಲ್ಲ, ಮಕ್ಕಳ ಮುಖವನ್ನೂ ನೋಡುವುದಿಲ್ಲ. ಜೀವಮಾನವೆಲ್ಲ ಕಾಲುಗಳನ್ನಷ್ಟೇ ನೋಡಿದವರು. ಕಾಲು ತಡವಾದರೆ ಬೆರಳೂ ತಡ, ಕಾಲು ಹಾರಿದರೆ ಬೆರಳೂ ಹಾರಬೇಕು. ಯಾವ ಮಗುವಾದರೂ ಕುಣಿಯುತ್ತ ಬಿದ್ದರೆ ನುಡಿಸುವುದನ್ನು ನಿಲ್ಲಿಸಕೂಡದೆಂಬುದು ಆಕೆ ತನಗೆ ತಾನೇ ಹಾಕಿಕೊಂಡ ಕಟ್ಟಳೆ. "ನಿಲ್ಸಿದ್ರೆ ಬಿದ್ದದ್ದು ಎಲ್ರಿಗೂ ಗೊತ್ತಾಗುತ್ತೆ. ಅದೇ ತುಣುಕನ್ನ ಸುತ್ತು ಹಾಕ್ತಾ ಇದ್ರೆ, ಎದ್ದು ಬಂದು ಸೇರ್ಕೋತಾವೆ" ಎಂದು ನನಗೊಮ್ಮೆ ಹೇಳಿದ್ದರು. ಕುಣಿಯಲಾರದವರು ನೆಲ ಡೊಂಕು ಅನ್ನುತ್ತಾರೆಂಬುದು ಗಾದೆ. "ನಮ್ಮ ಶಾಲೇಲಿ ಮಾತ್ರ ಪಿಯಾನೋ ಡೊಂಕು ಅಂತಾರೆ" ಎನ್ನುವುದು ಆಕೆಯ ತಿದ್ದುಪಡಿ.

ಗಂಡನಿಲ್ಲದ ಮನೆಯಲ್ಲಿ ಮಗುವನ್ನು ಒಂಟಿಯಾಗಿ ಬಿಡಲಾರದೆ ಆಕೆ ದಿನವೂ ಶಾಲೆಗೆ ಕರೆದೊಯ್ಯುತ್ತಿದ್ದರು. ಅವನ ಬಾಲ್ಯವೆಲ್ಲ ಪಿಯಾನೋದ ಹೊಟ್ಟೆಯ ಕೆಳಗೆ, ಮರಕ್ಕೆ ಅಂಗೈ ಆನಿಸಿಕೊಂಡು, ತಾಯಿಯ ಪಾದ ಪೆಡಲು ತುಳಿಯುವುದನ್ನು ನೋಡುತ್ತ ಕಳೆಯಿತು. ತರಗತಿ ಮುಗಿದು, ಬೆವೆತ ಮಕ್ಕಳು ನೆಲದ ಮೇಲೆ ಅಂಗಾತ ಮಲಗಿ ಉಸಿರು ತಿರುಗಿಸಿಕೊಳ್ಳುವಾಗ ಆಕೆ ತನ್ನದೇ ಆದ ಒಂದು ಪುಟ್ಟ ಮಟ್ಟನ್ನು ನುಡಿಸುತ್ತಿದ್ದರು. ಅದಕ್ಕೆ ಹೆಸರೂ ಇರಲಿಲ್ಲ, ಪದವೂ ಇರಲಿಲ್ಲ. ದೊಡ್ಡವನಾದ ಮೇಲೆ ಅವನು ಅದನ್ನೇ ಗಿಟಾರಿನ ಗುಡುಗಿನ ನಡುವೆ ಕೂರಿಸಿದ. ಪದ ನನ್ನವು. 'ಬಾಗಿಲು ತೆರೆದೇ ಇದೆ, ದೀಪ ಹಚ್ಚಿಲ್ಲ' ಎಂದು ಮೊದಲನೆಯ ಸಾಲು, 'ಬರುವವರ ಹೆಜ್ಜೆಸದ್ದು ಇನ್ನೂ ಕೇಳಿಲ್ಲ' ಎಂದು ಎರಡನೆಯದು. ಮೂರನೆಯ ಸಾಲಿಗೆ ಏನೂ ಹೊಳೆಯದೆ, ಸೋಮಾರಿತನಕ್ಕೆ ಶರಣಾಗಿ, 'ಬಾ' ಎಂಬ ಒಂದೇ ಅಕ್ಷರ ಬರೆದುಕೊಟ್ಟೆ. ಆ ಅಕ್ಷರವನ್ನು ಅವನು ಮಟ್ಟಿನ ಅತ್ಯಂತ ಎತ್ತರದ ಸ್ವರದಲ್ಲಿ ಹಿಡಿದು ನಿಲ್ಲಿಸಿದಾಗ, ನನ್ನ ಸೋಮಾರಿತನವನ್ನು ವಿಮರ್ಶಕರು ಸಂಯಮವೆಂದು ಕರೆದರು. ನಾನು ತಿದ್ದಲು ಹೋಗಲಿಲ್ಲ.

ಮಗ ಮಗನೆಂಬುದನ್ನು ಒಪ್ಪಿಕೊಳ್ಳಲು ಆ ತಾಯಿ ಬಹಳ ಕಷ್ಟಪಡಲಿಲ್ಲ. ಅವನು ತಲೆಗೂದಲನ್ನು ಅಡ್ಡಾದಿಡ್ಡಿ ಕತ್ತರಿಸಿಕೊಂಡು ಬಂದ ದಿನ ಆಕೆ ಅವನನ್ನು ಕುರ್ಚಿಯಲ್ಲಿ ಕೂರಿಸಿ, ತಾನೇ ಕತ್ತರಿ ಹಿಡಿದು ಹಿಂಭಾಗವನ್ನು ಸಮ ಮಾಡಿದರಂತೆ. "ಹೆತ್ತವರಿಗೆ ಹೆಗ್ಗಣ ಮುದ್ದು. ಅದು ಗಂಡು ಹೆಗ್ಗಣ ಅಂತ ನಂಗೆ ಲೇಟಾಗಿ ಗೊತ್ತಾಯ್ತು, ಅಷ್ಟೇ" ಎನ್ನುತ್ತಿದ್ದರು. ಆದರೆ ವೈದ್ಯರು ಕೊಡುವ ಔಷಧಿಯ ಮಾತು ಬಂದಾಗ ಆಕೆಯ ಕೈ ನಿಂತಿತು. ಆ ಚುಚ್ಚುಮದ್ದಿನಿಂದ ಮೀಸೆ ಗಡ್ಡ ಬರುತ್ತದೆ, ಮೈ ಗಟ್ಟಿಯಾಗುತ್ತದೆ, ದನಿಯೂ ಇಳಿಯುತ್ತದೆ. ಎಲ್ಲಿಗೆ ಇಳಿದು ನಿಲ್ಲುತ್ತದೆಂದು ಮುಂಚೆ ಹೇಳಲಾಗದು, ಇಳಿದದ್ದು ಮತ್ತೆ ಏರುವುದಿಲ್ಲವೆಂದು ವೈದ್ಯರು ಮುಚ್ಚುಮರೆಯಿಲ್ಲದೆ ತಿಳಿಸಿದ್ದರು. "ನೀನು ಏನಾಗ್ಬೇಕೋ ಆಗು ಮಗು. ಆ ದನಿ ಒಂದನ್ನ ಮಾತ್ರ ಮುಟ್ಟಬೇಡ" ಎಂದರು ತಾಯಿ. ಅವನಿಂದ ಆಕೆ ಕೇಳಿದ್ದು ಅದೊಂದನ್ನೇ.

ಅವನು ಬಹುಕಾಲ ತಡೆದ. ಆ ಅವಧಿಯಲ್ಲೇ ಹಾಡಿನ ಧ್ವನಿಮುದ್ರಣವೂ ಆಯಿತು. ತಾಯಿ ಬಂದು, ಗಾಜಿನ ಆಚೆ ಕೂತು, ಅಭ್ಯಾಸಬಲದಿಂದ ಅವನ ಕಾಲುಗಳನ್ನೇ ನೋಡುತ್ತ ಕೇಳಿದರು. ಅದಾದ ಮೇಲೆ ಒಂದು ಮಧ್ಯಾಹ್ನ ಅವನು ನನ್ನ ಕೋಣೆಗೆ ಬಂದು, ಕೋಟಿನ ಸಮೇತ ಕಿಟಕಿಯ ಹತ್ತಿರ ನಿಂತು, ತಾನು ನಿರ್ಧಾರ ಮಾಡಿದೆನೆಂದು ಹೇಳಿದ. ಅಷ್ಟು ಒಳ್ಳೆಯ ದನಿಯನ್ನು ಎಂದು ನಾನು ರಾಗ ಎಳೆಯುತ್ತಿದ್ದ ಹಾಗೆಯೇ ತಡೆದ. "ಹಾಡುವಾಗ ಅದು ನನ್ನ ದನಿ ಸಾರ್, ಇಲ್ಲ ಅನ್ನಲ್ಲ. ಆದ್ರೆ ಅಂಗಡೀಲಿ ನಿಂತು ಬ್ರೆಡ್ಡು ಕೇಳ್ತೀನಲ್ಲ, ಆಗ ಅದು ನನ್ನದಲ್ಲ. ಹಾಡೋದು ಸ್ವಲ್ಪ ಹೊತ್ತು. ಬದುಕೋದು ಉಳಿದ ಹೊತ್ತೆಲ್ಲ." ನಾನು ಚಹಾ ಮಾಡಿದೆ.

ಔಷಧಿ ಶುರುವಾಗಿ ಕೆಲವು ತಿಂಗಳಾದ ಮೇಲೆ ಒಂದು ದಿನ ಅವನು ಮೆಟ್ಟಿಲು ಹಾರಿಕೊಂಡು ಬಂದ. ಹೋಟೆಲಿನ ಹಿಂಬಾಗಿಲಲ್ಲಿ ಹೊಸದಾಗಿ ಸೇರಿದ್ದ ಮುದುಕನೊಬ್ಬ ಪೇಪರಿನಿಂದ ತಲೆ ಎತ್ತದೆ, ಬರಿಯ ದನಿಯನ್ನು ಕೇಳಿಯೇ, "ಅಲ್ಲಿಡಪ್ಪ" ಎಂದಿದ್ದನಂತೆ. "ಅಲ್ಲಿಡಪ್ಪ ಅಂದ ಸಾರ್. ಮುಖ ನೋಡಿಲ್ಲ, ಕೋಟು ನೋಡಿಲ್ಲ. ಅಲ್ಲಿಡಪ್ಪ." ಆ ಯಃಕಶ್ಚಿತ್ ಮಾತನ್ನು ಅವನು ಪ್ರಶಸ್ತಿಯ ಹಾಗೆ ಎರಡೂ ಕೈಗಳಲ್ಲಿ ಹಿಡಿದು ತಂದಿದ್ದ. ಅಂದಿನಷ್ಟು ಸುಖವಾಗಿ ಅವನನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಅದೇ ವಾರ ತಾಯಿಗೆ ಫೋನು ಮಾಡಿದ. ಆಚೆಯಿಂದ "ಯಾರು?" ಎಂದರು. ಇವನು "ನಾನು" ಎಂದ. "ನಾನು ಅಂದ್ರೆ ಯಾರು?" ಎಂದರು. ಪ್ರತಿ ಸಲವೂ ಹೀಗೇ ನಡೆಯತೊಡಗಿತು. ಆಕೆಗೆ ಗೊತ್ತಾಗುತ್ತಿರಲಿಲ್ಲವೆಂದಲ್ಲ, ಗೊತ್ತಿರುವುದನ್ನು ಕಿವಿ ಒಪ್ಪುತ್ತಿರಲಿಲ್ಲ. ಕ್ರಮೇಣ ಅವನು ಫೋನು ಬಿಟ್ಟು ಸಂದೇಶ ಕಳಿಸುವುದನ್ನು ಕಲಿತ. ಮನೆಗೆ ಹೋದಾಗ ಒಳಗಿನಿಂದ ಆ ಹಳೆಯ ಧ್ವನಿಮುದ್ರಿಕೆ ಕೇಳಿಸುತ್ತಿತ್ತು. ಅದು ಮುಗಿಯುವವರೆಗೆ ಹೊರಗೆ ನಿಂತಿದ್ದು, ಮುಗಿದ ಮೇಲೆ ಬಾಗಿಲು ತಟ್ಟುತ್ತಿದ್ದನಂತೆ. ಕೇಳಿದರೆ ಏನನಿಸುತ್ತದೆ ಎಂದು ವಿಚಾರಿಸಿದ್ದಕ್ಕೆ ಅವನು ಬಹಳ ಹೊತ್ತು ಗಂಟಲ ಮೇಲೆ ಬೆರಳಿಟ್ಟುಕೊಂಡಿದ್ದ. "ಅದೂ ನಂದೇ ಅಲ್ವಾ ಸಾರ್. ಚಿಕ್ಕವನಿದ್ದಾಗಿನ ಅಂಗಿ ಇದ್ದ ಹಾಗೆ. ತಿರುಗಿ ಹಾಕ್ಕೊಳ್ಳೋ ಆಸೆ ಇಲ್ಲ. ಹಾಗಂತ ಬೇರೆಯವರಿಗೆ ಕೊಡೋಕೂ ಮನಸ್ಸಿಲ್ಲ. ಒಂದೊಂದು ಸಲ ಮೂಸಿ ನೋಡ್ಬೇಕು ಅನ್ಸುತ್ತೆ."

ಗೋದಾಮಿನಲ್ಲಿ ಹಾಡು ಬೇರೆಯೇ ಪೇಚಿಗೆ ಸಿಕ್ಕಿತ್ತು. ಹೊಸ ಮೀಸೆಯ ಹುಡುಗರ ದನಿ ಒಡೆಯುವ ಹಾಗೆ ಅವನ ದನಿಯೂ ಒಡೆದು, ಮೊದಲೆರಡು ಸಾಲು ಹೇಗೋ ದಾಟಿ, ಮೂರನೆಯ ಸಾಲಿನ 'ಬಾ' ಬರುವಷ್ಟರಲ್ಲಿ ಕುಸಿಯುತ್ತಿತ್ತು. ಡ್ರಮ್ಮಿನವನು ಸಮಾಧಾನಕ್ಕೆಂದು, "ಹಾಡ್ತಾ ಹಾಡ್ತಾ ರಾಗ, ನರಳ್ತಾ ನರಳ್ತಾ ರೋಗ. ನೀನು ಹಾಡ್ತಾ ಇರು" ಎನ್ನುತ್ತಿದ್ದ. ಇವನು ಜಗಮೊಂಡ. ವ್ಯಾನಿನಲ್ಲಿ, ಸ್ನಾನದಮನೆಯಲ್ಲಿ, ಮಡಿಸಿದ ಹಾಸುಗಳ ರಾಶಿಗೆ ಮುಖ ಒತ್ತಿಕೊಂಡು, ಆ ಒಂದು ಅಕ್ಷರವನ್ನು ಸಾಧಿಸಿದ. ಬರುಬರುತ್ತ ಸ್ವರ ಹತ್ತಿರವಾಯಿತು. ಒಂದು ಭಾನುವಾರ ಅದು ಪೂರ್ತಿ ದಕ್ಕಿತು. ದಪ್ಪಗಿನ, ಸ್ವಲ್ಪ ಗೊಗ್ಗರಾದ, ಆದರೆ ನೆಟ್ಟಗೆ ನಿಂತ 'ಬಾ'. ಅವನು ಹಾಡು ನಿಲ್ಲಿಸಿ ನಕ್ಕ, ಡ್ರಮ್ಮಿನವನು ಕೋಲು ಎಸೆದು ಅವನನ್ನು ಎತ್ತಿಕೊಂಡ. ಗಿಟಾರಿನವಳು ಬಗ್ಗಿ ತಂತಿಗಳನ್ನು ಒರೆಸುತ್ತಿದ್ದಳು.

ಇಷ್ಟರಲ್ಲಿ ತಾಯಿ ನಿವೃತ್ತರಾಗುವ ಕಾಲ ಬಂತು. ನೃತ್ಯಶಾಲೆಯವರು ಬೀಳ್ಕೊಡುಗೆಯ ದಿನ ನಾಲ್ಕು ಮಾತು ಆಡಬೇಕೆಂದು ನನ್ನನ್ನು ಕೇಳಿದ್ದರಿಂದ, ಆಕೆಯನ್ನು ಕಂಡು ಬರಲು ಹೋದೆ. ಖಾಲಿ ತರಗತಿಯಲ್ಲಿ ಆಕೆ ಪಿಯಾನೋದ ಮುಚ್ಚಳವನ್ನು ಬಟ್ಟೆಯಿಂದ ಒರೆಸುತ್ತಿದ್ದರು. ಮಗನ ಮಾತನ್ನು ನಾನು ಎತ್ತುವ ಮೊದಲೇ ಆಕೆ ಎತ್ತಿದರು.

"ನಂಗೆ ಕೋಪ ಇದೆ ಅಂದ್ಕೊಂಡಿದಾನೆ. ಕೋಪ ಇಲ್ಲ. ಅವನು ಸುಖವಾಗಿದಾನೆ ಅಂತ ಕಾಲು ನೋಡಿದ್ರೇ ಗೊತ್ತಾಗುತ್ತೆ. ಮೊದಲು ನೆಲಕ್ಕೆ ಹೆದರ್ಕೊಂಡು ಇಡ್ತಿದ್ದ, ಈಗ ಹಿಮ್ಮಡಿ ಊರಿ ಇಡ್ತಾನೆ. ಕಾಲು ಸುಳ್ಳು ಹೇಳಲ್ಲ. ಆದ್ರೆ ಈ ಕಿವಿಗೆ ನಾನು ಏನು ಹೇಳ್ಲಿ? ಅವನು ಹುಟ್ಟಿದಾಗಿನಿಂದ ಕೇಳಿದ ದನಿ. ಸಿಕ್ಕಲ್ಲ ಅಂದ್ರೆ ಹುಡುಕುತ್ತೆ." ಸ್ವಲ್ಪ ಹೊತ್ತು ಒರೆಸಿದ್ದನ್ನೇ ಒರೆಸಿ ಮುಂದುವರಿಸಿದರು. "ಅವನಿಗೆ ಹೇಳಿ. ಕೊನೇ ದಿನ ಆ ಹಾಡು ಒಂದ್ಸಲ ಹಾಡ್ಲಿ, ನಾನು ನುಡಿಸ್ತೀನಿ."

ಮೊದಲೊಮ್ಮೆ ಕೂಡಿ ಅಭ್ಯಾಸ ಮಾಡಬೇಡವೇ ಎಂದೆ. "ನನ್ನ ಮಟ್ಟಿಗೆ ನಂಗೇನು ಅಭ್ಯಾಸ?" ಎಂದರು.

ಸುದ್ದಿ ಕೇಳಿ ಕೋಟಿಗೆ ಹಿಡಿಸಲಾರದಷ್ಟು ಹಿಗ್ಗು. ತಾಯಿ ಉಳಿಸು ಎಂದದ್ದನ್ನು ಉಳಿಸಿಲ್ಲವೆಂಬ ಕೊರಗು ಅವನನ್ನು ಒಳಗೊಳಗೇ ತಿನ್ನುತ್ತಿತ್ತು. ಈಗ ಆ ಸ್ವರವನ್ನೇ ಆಕೆಯ ಎದುರು ನಿಲ್ಲಿಸಿ, ನೋಡಮ್ಮ, ಎಲ್ಲಿಗೂ ಹೋಗಿಲ್ಲ ಎಂದು ತೋರಿಸುವ ಅವಕಾಶ ತಾನಾಗಿ ಒದಗಿತ್ತು. ಅವನು ಸಿಳ್ಳೆ ಹಾಕುತ್ತ ವ್ಯಾನಿನ ಕಡೆಗೆ ಹೋದ ಮೇಲೆ ಗಿಟಾರಿನವಳು ಮೆಟ್ಟಿಲ ಮೇಲೆ ನನ್ನ ಪಕ್ಕ ಕುಸಿದು ಕೂತು ನಿಜವನ್ನು ಹೇಳಿದಳು. ಸ್ವರ ವಾಪಸು ಬಂದಿರಲಿಲ್ಲ; ಹಾಡೇ ಕೆಳಗೆ ಇಳಿದಿತ್ತು. ಅವನು ಮೂರನೆಯ ಸಾಲಿನಲ್ಲಿ ಕುಸಿದು ಕೂತ ದಿನಗಳಲ್ಲಿ ಅವಳು ಯಾರಿಗೂ ಹೇಳದೆ ಗಿಟಾರಿನ ಶ್ರುತಿಯನ್ನು ಅರ್ಧ ಸ್ವರ ಇಳಿಸಿದ್ದಳು. ಕೆಲವು ವಾರ ಬಿಟ್ಟು ಇನ್ನರ್ಧ. ಹೀಗೆ ಇಳಿಸುತ್ತ ಇಳಿಸುತ್ತ ತಂತಿ ಸಡಿಲವಾಗಿ ಗುಂಯ್‌ಗುಡತೊಡಗಿದಾಗ ದಪ್ಪ ತಂತಿ ಹಾಕಿ, ಯಾಕೆಂದು ಕೇಳಿದ ಅವನಿಗೆ ಬಾಳಿಕೆ ಬರುತ್ತೆ ಎಂದಿದ್ದಳು. ಯಾವ ವಾದ್ಯವನ್ನೂ ನುಡಿಸದೆ ಬರಿಯ ಗಂಟಲನ್ನೇ ನಂಬಿದವನಿಗೆ ಅದು ಗೊತ್ತಾಗಲಿಲ್ಲ. ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಇದ್ದನೋ ಏನೋ, ಅದನ್ನು ಇಂದಿಗೂ ನಾನು ಬಲ್ಲೆನೆನ್ನಲಾರೆ. ಆದರೆ ಪಿಯಾನೋ ಗಿಟಾರಿನ ಹಾಗಲ್ಲ, ಅದರ ಶ್ರುತಿಯನ್ನು ಹೀಗೆ ಗುಟ್ಟಾಗಿ ಇಳಿಸಲಾಗದು. ತಾಯಿ ನುಡಿಸಿದರೆ ತನಗೆ ಗೊತ್ತಿರುವಲ್ಲಿಂದ, ಹಳೆಯ ಎತ್ತರದಿಂದಲೇ ನುಡಿಸುತ್ತಾರೆ.

"ಅವನಿಗೆ ಯಾಕೆ ಹೇಳಲಿಲ್ಲ?" ಎಂದೆ.

"ಯಾವಾಗ ಹೇಳ್ಬೇಕಿತ್ತು ಹೇಳಿ. ಅಳ್ತಾ ಇದ್ದಾಗ ಹೇಳ್ಬೇಕಿತ್ತಾ, ನಗ್ತಾ ಇದ್ದಾಗ ಹೇಳ್ಬೇಕಿತ್ತಾ?" ಎಂದಳು. ಆದರೂ ತಾನೇ ಹೇಳುವುದಾಗಿ ಮಾತು ಕೊಟ್ಟಳು. ಬೀಳ್ಕೊಡುಗೆಯ ದಿನ ಶಾಲೆಯ ಬಾಗಿಲಲ್ಲಿ ಅವನ ತೋಳು ಹಿಡಿದು, "ಒಂದು ವಿಷಯ" ಎಂದು ಶುರುಮಾಡಿದ್ದನ್ನು ನಾನೇ ಕೇಳಿದೆ. ಅವನು, "ಇರ್ಲಿ, ಹಾಡಾದ ಮೇಲೆ ಹೇಳು" ಎಂದು ಬಲಭುಜ ಮುಂದೆ ಮಾಡಿಕೊಂಡು ಒಳಗೆ ಹೋಗಿಬಿಟ್ಟ.

ಮರದ ನೆಲದ ಆ ವಿಶಾಲ ಕೋಣೆಯಲ್ಲಿ ಮಧ್ಯಾಹ್ನದ ಬಿಸಿಲು ಉದ್ದಕ್ಕೆ ಬಿದ್ದಿತ್ತು. ಹಳೆಯ ವಿದ್ಯಾರ್ಥಿಗಳೂ ಅವರ ಮಕ್ಕಳೂ ಗೋಡೆಗುಂಟ ಕೂತಿದ್ದರು. ನನ್ನ ಭಾಷಣವನ್ನು ಯಾರೂ ನೆನಪಿಟ್ಟಿಲ್ಲ, ಅದು ಸರಿಯೇ. ಕೋಟು ಪಿಯಾನೋದ ಪಕ್ಕ ನಿಂತು, ಅದರ ಮರಕ್ಕೆ ಅಂಗೈ ಆನಿಸಿ, ಇನ್ನೊಂದು ಕೈಯ ಬೆರಳನ್ನು ಗಂಟಲಿಗಿಟ್ಟ. ತಾಯಿ ಅವನ ಕಾಲು ನೋಡಿ ನುಡಿಸಲು ಶುರುಮಾಡಿದರು. ಮೊದಲನೆಯ ಸಾಲಿನಲ್ಲೇ ಅವನ ಹುಬ್ಬು ಗಂಟಿಕ್ಕಿತು. ನಡೆದು ಪಳಗಿದ ಮೆಟ್ಟಿಲುಗಳ ನಡುವಿನ ಎತ್ತರ ಇದ್ದಕ್ಕಿದ್ದಂತೆ ಬದಲಾದರೆ ಕಾಲು ಹೇಗೆ ತಡವರಿಸುತ್ತದೋ ಹಾಗೆ ತಡವರಿಸಿ, ಹೇಗೋ ಏರಿದ. ಎರಡನೆಯ ಸಾಲನ್ನು ಹಲ್ಲುಕಚ್ಚಿ ದಾಟಿದ. ಮೂರನೆಯ ಸಾಲಿಗೆ ಬಾಯಿ ತೆರೆದ, ಗಾಳಿ ಬಂತು, ಸ್ವರ ಬರಲಿಲ್ಲ. ಅವನು ತಿರುಗಿ ಗಿಟಾರಿನವಳ ಕಡೆ ನೋಡಿದ. ಅವಳು ತಲೆ ತಗ್ಗಿಸಿದಳು. ಅವನಿಗೆ ಎಲ್ಲ ತಿಳಿಯಿತು.

ನಾನು ನೆಲ ನೋಡುತ್ತಿದ್ದೆ. ಆದರೆ ಪಿಯಾನೋ ನಿಂತಿರಲಿಲ್ಲ. ಎರಡನೆಯ ಸಾಲಿನ ಬಾಲವನ್ನೇ ಹಿಡಿದು ತಾಯಿ ಮೆಲ್ಲಗೆ ಸುತ್ತು ಹಾಕುತ್ತಿದ್ದರು, ಬಿದ್ದ ಮಗುವಿಗೆ ಏಳಲು ಸಮಯ ಕೊಡುವಾಗ ಹಾಕುತ್ತಿದ್ದಂಥ ಸುತ್ತು. ಒಂದು ಸುತ್ತು, ಇನ್ನೊಂದು ಸುತ್ತು. ಕಣ್ಣು ಅವನ ಕಾಲುಗಳ ಮೇಲೆ. ಆ ಕಾಲುಗಳು ಹೊರಗೆ ಓಡಿಹೋಗಲು ಬಾಗಿಲ ಕಡೆಗೆ ತಿರುಗಿದ್ದವು. ಆಗ ಆಕೆ ತಲೆ ಎತ್ತಿ, ಜೀವಮಾನದ ಅಭ್ಯಾಸ ಮುರಿದು, ಅವನ ಮುಖ ನೋಡಿದರು. ನೋಡುತ್ತಲೇ ಎರಡೂ ಕೈಗಳನ್ನು ಒಂದು ಮನೆ ಎಡಕ್ಕೆ ಸರಿಸಿದರು. ಅದೇ ತುಣುಕು, ಸ್ವಲ್ಪ ಕೆಳಗೆ. ಅವನು ತಲೆಯಾಡಿಸಿದ, ಇಲ್ಲ ಎಂಬಂತೆ. ಇನ್ನೂ ಎಡಕ್ಕೆ ಸರಿದರು. ಇನ್ನೂ ಸ್ವಲ್ಪ. ಕತ್ತಲೆಯಲ್ಲಿ ಸ್ವಿಚ್ಚು ತಡಕುವವರ ಹಾಗೆ ಆಕೆಯ ಕೈಗಳು ಪಿಯಾನೋದ ಮೇಲೆ ಅವನ ಹೊಸ ದನಿಯನ್ನು ಹುಡುಕುತ್ತಿದ್ದವು. ಒಂದು ಕಡೆ ಅವನ ಎದೆಯಿಂದ ತಾನಾಗಿ ಒಂದು ಗುನುಗು ಹೊರಟು ಪಿಯಾನೋಗೆ ಕೂಡಿಕೊಂಡಿತು. ಆಕೆ ಅಲ್ಲೇ ನಿಂತು, ಮೊದಲನೆಯ ಸಾಲಿಗೆ ಮರಳಿದರು.

ಬಾಗಿಲು ತೆರೆದೇ ಇದೆ ಎಂದು ಅವನು ಮತ್ತೆ ಶುರುಮಾಡಿದ. ಮೂರನೆಯ ಸಾಲಿನ 'ಬಾ' ಎಂಬುದನ್ನು ಹಿಡಿದು ನಿಲ್ಲಿಸಿದಾಗ ಅದು ಮುದ್ರಿಕೆಯ 'ಬಾ' ಆಗಿರಲಿಲ್ಲ. ಅದು ನೆಲದ ಹತ್ತಿರದ, ಹೆಗಲ ಮೇಲೆ ಕೈ ಹಾಕುವಂಥ ಕರೆ. ನನ್ನ ಕಣ್ಣು ತುಂಬಿತು. ಸಾಲದ್ದಕ್ಕೆ ಅಂದು ಕಿವಿಯಲ್ಲಿ ಹತ್ತಿಯೂ ಇರಲಿಲ್ಲ.

ಹಾಡು ಮುಗಿದ ಮೇಲೆ ತಾಯಿ ಮುಚ್ಚಳ ಹಾಕಿ, ಬಟ್ಟೆ ಮಡಿಸಿಟ್ಟು ಮಗನಿಗೆ ಹೇಳಿದ್ದು ಇಷ್ಟು. "ಮೊದಲೇ ಹೇಳೋದಲ್ವಾ? ಅಲ್ಲಿಂದ್ಲೇ ಶುರು ಮಾಡ್ತಿದ್ದೆ."

ಅವನ ಬೆರಳು ಗಂಟಲಿಗೆ ಹೋಯಿತು. "ಇರ್ಲಿ ಅಮ್ಮ" ಎಂದ.

ಗಿಟಾರಿನವಳ ಜೊತೆ ಅವನು ಜಗಳವಾಡುತ್ತಾನೆಂದು ನಾವು ಹೆದರಿದ್ದೆವು. ಹೊರಗೆ ವ್ಯಾನಿನ ಹತ್ತಿರ ಅವನು ಕೇಳಿದ್ದು, "ಎಷ್ಟು ಇಳಿಸಿದ್ದೆ?" ಎಂದು ಮಾತ್ರ. ಅವಳು, "ನೀನು ಇಳಿದಷ್ಟು" ಎಂದಳು. ಆಮೇಲೆ ಇಬ್ಬರೂ ಹಿಂದಿನ ಬಾಗಿಲು ತೆರೆದು, ಮಡಿಸಿದ ಹಾಸುಗಳ ನಡುವೆ ಗಿಟಾರನ್ನು ಭದ್ರವಾಗಿ ಇಟ್ಟರು. ಅಂದಿನಿಂದ ನಮ್ಮ ಹಾಡುಗಳ ಶ್ರುತಿಯನ್ನು ಅವನಿಗೆ ಹೇಳಿಯೇ ಕಟ್ಟುತ್ತಾರೆ.

ಈಗ ಅವನು ಫೋನು ಮಾಡಿದರೆ ತಾಯಿ ಯಾರೆಂದು ಕೇಳುವುದಿಲ್ಲ, ನೇರ ಜಗಳಕ್ಕೇ ಬರುತ್ತಾರೆ. ಊಟ ಮಾಡಿದೆಯಾ, ಆ ಕೋಟನ್ನು ಯಾವಾಗ ಒಗೆಯಲು ಹಾಕುತ್ತೀಯ, ಲಾಂಡ್ರಿಯವನಾಗಿ ನಿನಗೆ ನಾಚಿಕೆಯಾಗುವುದಿಲ್ಲವೇ. ಹಳೆಯ ಮುದ್ರಿಕೆಯನ್ನು ಆಕೆ ಬಿಟ್ಟಿಲ್ಲ. ಮೊನ್ನೆ ನಾನು ಹೋದಾಗಲೂ ಅದು ನಡೆಯುತ್ತಿತ್ತು. ವ್ಯತ್ಯಾಸವಿಷ್ಟೇ, ಅವನು ಹೊರಗೆ ನಿಂತಿರಲಿಲ್ಲ. ತಾಯಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದ, ಕೋಟು ಗೋಡೆಯ ಮೊಳೆಗೆ ತೂಗಿತ್ತು. ಇಬ್ಬರೂ ದೂರದಲ್ಲಿರುವ ಬಂಧುವೊಬ್ಬರ ಸುದ್ದಿ ಕೇಳುವವರಂತೆ, ಆ ಎಳೆಯ ಎತ್ತರದ ದನಿಯನ್ನು ಕೇಳುತ್ತಿದ್ದರು. ಮೂರನೆಯ ಸಾಲು ಬಂದಾಗ ಅವನು ಕಣ್ಣು ಮುಚ್ಚಿದ, ತಾಯಿ ಅವನ ಕಾಲುಗಳನ್ನು ನೋಡಿದರು.

ಅವನನ್ನು ಕಂಡವರು ಕೇಳುವುದು ಒಂದೇ ಪ್ರಶ್ನೆ, ಪಶ್ಚಾತ್ತಾಪವಿಲ್ಲವೇ ಎಂದು. ಇಲ್ಲವೆಂದರೆ ಹಾಗಾದರೆ ಹಂಬಲವೂ ಇರಕೂಡದೆಂದು ತೀರ್ಮಾನಿಸುತ್ತಾರೆ. ಹಂಬಲವಿದೆಯೆಂದರೆ ಪಶ್ಚಾತ್ತಾಪವೇ ಎಂದು ಹಿಗ್ಗುತ್ತಾರೆ. ಇವೆರಡೂ ಒಂದೇ ಮನೆಯವಲ್ಲ. ದಾರಿ ತಪ್ಪಿದವರಷ್ಟೇ ಹಿಂತಿರುಗಿ ನೋಡುತ್ತಾರೆಂದು ತಿಳಿದಿರುವುದು ನಮ್ಮ ಅವಿವೇಕ. ಸೇರಬೇಕಾದ ಊರನ್ನು ಸರಿಯಾಗಿ ಸೇರಿದವರೂ ನೋಡುತ್ತಾರೆ, ಬಿಟ್ಟುಬಂದದ್ದು ಪ್ರೀತಿಯದಾಗಿದ್ದರೆ ಬಹುಕಾಲ ನೋಡುತ್ತಾರೆ. ತಮ್ಮ ಬದುಕಿಗಾಗಿ ತಮ್ಮ ಅತ್ಯಂತ ಚೆಂದದ ವಸ್ತುವನ್ನೇ ತೆತ್ತ ಇಂಥವರು, ಕಳೆದದ್ದನ್ನು ಹಿಂದಕ್ಕೆ ಕೊಡಿ ಎಂದು ಯಾರನ್ನೂ ಪೀಡಿಸುವುದಿಲ್ಲ. ಅವರಿಗೆ ಬೇಕಾದದ್ದು ಬಹಳ ಸಣ್ಣದು, ಆದ್ದರಿಂದಲೇ ನಾವು ಅದನ್ನು ಕೊಡಲು ಮರೆಯುತ್ತೇವೆ: ತಾವು ಈಗ ಎಲ್ಲಿ ನಿಂತಿದ್ದಾರೋ, ಮಟ್ಟನ್ನು ಯಾರಾದರೂ ಅಲ್ಲಿಂದ ಶುರು ಮಾಡಲಿ.